ಬಕೆಟ್ಟಿನಲ್ಲಿ ಬಂದ ಕದಿರು

ನಮ್ಮ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಬೆಳಿಗ್ಗೆ ಊರಿಗೆ ವಿಡಿಯೊ ಕರೆ ಮಾಡಿದಾಗ ಅಮ್ಮ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕಿಳಿದು, ಬಾವಿಕಟ್ಟೆಯ ಪಕ್ಕದ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ತಾವು ಬೆಳೆಸಿದ ಭತ್ತವನ್ನು ಮೊಮ್ಮಗಳಿಗೆ ತೋರಿಸಿದರು. ತೆನೆಗಳು ಹಳದಿಗೆ ತಿರುಗಿ ಟಬ್ಬಿನ ಅಂಚಿನಾಚೆಗೆ ಬಾಗಿದ್ದವು. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆಯುತ್ತಿರುವ ನನ್ನ ಮಗಳು ಕಣ್ಣರಳಿಸಿ ನೋಡಿ, "ಅಜ್ಜಿ, ಗದ್ದೆ ಅಂದರೆ ಇದೇನಾ?" ಎಂದು ಕೇಳಿದಳು. ಅಮ್ಮ ನಕ್ಕು, "ಹೌದು ಮಗಳೇ, ಈಗ ಇದೇ ನಮ್ಮ ಗದ್ದೆ" ಎಂದು ಉತ್ತರಿಸಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದರು. ಅವರ ಮಾತಿನಲ್ಲಿ ಬೇಸರದ ಸುಳಿವೂ ಇರಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಮನಸ್ಸಿನಲ್ಲಿ ಕೊರೆಯತೊಡಗಿತು.

ಹಾಗೆಂದು ಕೂರಲು ಬಿಡುವಿರಲಿಲ್ಲ. ನಮ್ಮ ನಾಡದೇವರಾದ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತಾದ ಮುಹೂರ್ತವನ್ನು ತಮ್ಮ ಕೆಲವು ದಿನಗಳ ಹಿಂದೆಯೇ ತಿಳಿಸಿದ್ದ. ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವ, ಕದಿರು ಅಂದರೆ ಹೊಸ ಭತ್ತದ ತೆನೆಯನ್ನು ಕೊಯ್ದು ತೆಗೆಯುವ, ಊಟಕ್ಕೆ ಕೂರುವ ಹೊತ್ತುಗಳನ್ನು ಬರೆದ ಚೀಟಿ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿತ್ತು. ದಕ್ಷಿಣದ ಸಾಮಾನುಗಳಿಗೆಲ್ಲ ನಾವು ನೆಚ್ಚಿಕೊಂಡಿರುವ ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಎಲೆ, ತೆಂಗಿನಕಾಯಿ, ವೀಳ್ಯದೆಲೆ ಸುಲಭವಾಗಿ ಸಿಕ್ಕವು. ಹುತ್ತರಿ ಗೆಣಸಿಗೆ ಏನು ಮಾಡುವುದೆಂಬ ಚಿಂತೆಯೂ ಈ ಊರಿಗೆ ಬಂದ ಮೇಲೆ ತೀರಿಹೋಗಿದೆ, ಏಕೆಂದರೆ ಚಳಿಗಾಲದಲ್ಲಿ ಇಲ್ಲಿ 'ಖಾಮ್ ಆಲು' ಎಂದು ಮಾರುವ ಗೆಡ್ಡೆಯನ್ನು ಬೇಯಿಸಿ, ಊರಿನಿಂದ ತಂದಿಟ್ಟ ಜೇನಿನಲ್ಲಿ ಅದ್ದಿದರೆ ನಾಲಿಗೆಗೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ. ತಂಬಿಟ್ಟಿನ ಹುಡಿಯನ್ನು ಅಮ್ಮ ಅಂಚೆಯಲ್ಲಿ ಕಳಿಸಿದ್ದರು. ನಮ್ಮ ಪುಟ್ಟಬಾಳೆಯ ಬದಲಿಗೆ ಇಲ್ಲಿನ ಮರ್ತಮಾನ್ ಬಾಳೆಹಣ್ಣನ್ನು ಕಿವುಚಿ ಹಾಕಿದೆ. ಪಾಯಸಕ್ಕೆ ಈಚಲ ಬೆಲ್ಲ ಹಾಕಿದೆ. ಡಿಸೆಂಬರಿನಲ್ಲಿ ಹೊಸದಾಗಿ ಬರುವ ಆ ಬೆಲ್ಲದ ಹೊಗೆಯಾಡಿದಂಥ ಪರಿಮಳ ನನಗೆ ನಿಜವಾಗಿಯೂ ಇಷ್ಟ. ಈ ಒಂದು ವಿಷಯದಲ್ಲಿ ಬಂಗಾಳದ ಪಾಯಸ ನಮ್ಮದಕ್ಕಿಂತ ಒಂದು ಕೈ ಮೇಲೆಂದು ಅಮ್ಮನ ಮುಂದೆಯೂ ಹೇಳಿದ್ದೇನೆ.

ಇಷ್ಟೆಲ್ಲ ದೊರಕುವ ಊರಿನಲ್ಲಿ ನಮಗೆ ದೊರಕದೇ ಇದ್ದದ್ದು ಕದಿರು. ಮೊದಲ ವರ್ಷಗಳಲ್ಲಿ, ಹಿಂದಿನ ಹುತ್ತರಿಯ ಒಣಗಿದ ಕದಿರನ್ನೇ ಊರಿನಿಂದ ತಂದಿಟ್ಟುಕೊಂಡು ದೀಪದ ಮುಂದಿಟ್ಟು ಕೈಮುಗಿಯುತ್ತಿದ್ದೆವು. ಹೊಸ ಬೆಳೆಯ ಹಬ್ಬವನ್ನು ಹಳೆಯ ತೆನೆಯಿಂದ ಮಾಡುವುದು ನನ್ನ ಮನಸ್ಸಿಗೆ ಎಂದೂ ಒಗ್ಗಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಇಡೀ ಕಟ್ಟಡಕ್ಕೆ ಅವರು ಮಾಶಿಮಾ, ಅಂದರೆ ಚಿಕ್ಕಮ್ಮ. ಅಕ್ಟೋಬರಿನಲ್ಲಿ ಕೋಜಾಗರಿ ಲಕ್ಷ್ಮಿಪೂಜೆಗೆ ಕರೆದಿದ್ದಾಗ, ದೇವಿಯ ಪೀಠದ ಬಳಿ ಇಟ್ಟಿದ್ದ ಭತ್ತದ ತೆನೆಗಳ ಮೇಲೆ ನನ್ನ ಕಣ್ಣು ನೆಟ್ಟಿದ್ದನ್ನು ಗಮನಿಸಿ, ಏನು ವಿಷಯವೆಂದು ಕೇಳಿದರು. ನನ್ನ ಅರೆಬರೆ ಬಂಗಾಳಿಯಲ್ಲಿ ಹುತ್ತರಿಯ ವಿಚಾರ ಹೇಳಿದೆ. ಅವರ ಮುಖ ಅರಳಿತು. ಅವರ ತವರು ಬಂಗಾಳದ ಭತ್ತದ ಕಣಜವೆನಿಸಿದ ಬರ್ಧಮಾನ್ ಕಡೆಯ ಹಳ್ಳಿ. ಅಮನ್ ಭತ್ತ ಕೊಯ್ಲಿಗೆ ಬರುವ ಅಗ್ರಹಾಯಣ ಮಾಸದಲ್ಲಿ ಅವರೂ ನವಾನ್ನವೆಂಬ ಹೊಸ ಅಕ್ಕಿಯ ಹಬ್ಬ ಮಾಡುತ್ತಾರೆ. ಹೊಸ ಅಕ್ಕಿಗೆ ಹಾಲು, ಬೆಲ್ಲ, ಕಾಯಿ ಬೆರೆಸಿ ಹಿರಿಯರಿಗೆ ಎಡೆಯಿಟ್ಟು, ಕಾಗೆಗೂ ಒಂದು ಪಾಲು ಹಾಕಿದ ನಂತರವೇ ಮನೆಯವರು ಬಾಯಿಗಿಡುತ್ತಾರಂತೆ. ಕುಲದ ಹಿರಿಯರಾದ ಕಾರೋಣರಿಗೆ ಮೀಸಲಿಡದೆ ಹೊಸ ಅಕ್ಕಿ ಮುಟ್ಟದ ಮನೆಯಲ್ಲಿ ಬೆಳೆದ ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. "ನಿನ್ನ ಹಬ್ಬದ ದಿನ ಯಾವುದು, ಅಷ್ಟು ಹೇಳು" ಎಂದು ಅವರು ಮಾತು ಮುಗಿಸಿದ್ದರು.

ಒಂದು ಹಿಡಿ ತೆನೆಯನ್ನು ಕಾಗದದಲ್ಲಿ ಸುತ್ತಿ ತರಿಸಿಕೊಡುತ್ತಾರೆಂದು ನಾನು ತಿಳಿದುಕೊಂಡಿದ್ದೆ. ಹಬ್ಬದ ಮಧ್ಯಾಹ್ನ ಬಾಗಿಲು ತೆರೆದಾಗ ಅವರ ಅಣ್ಣನ ಮಗ ನೀಲಿ ಬಣ್ಣದ ಬಕೆಟ್ಟನ್ನು ಎರಡೂ ಕೈಗಳಿಂದ ಅಪ್ಪಿಕೊಂಡು ನಿಂತಿದ್ದ. ಅದರೊಳಗೆ ಬೇರುಸಹಿತ ಕಿತ್ತು ತಂದ ಭತ್ತದ ಬುಡವೊಂದು ಗದ್ದೆಯ ಕೆಸರಿನಲ್ಲೇ ನೆಟ್ಟಗೆ ನಿಂತಿತ್ತು; ದಾರಿಯಲ್ಲಿ ಕಾಳು ಉದುರದಿರಲೆಂದು ತೆನೆಗಳ ಸುತ್ತ ಹಳೆಯ ಹತ್ತಿಸೀರೆಯ ತುಂಡನ್ನು ಸಡಿಲವಾಗಿ ಕಟ್ಟಿದ್ದರು. ಲೋಕಲ್ ರೈಲಿನಲ್ಲಿ ಹೌರಾಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಆ ಹುಡುಗ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದನಂತೆ. ಹಿಂದೆ ನಿಂತಿದ್ದ ಮಾಶಿಮಾ, ಕೊಯ್ದ ತೆನೆಯನ್ನು ಮತ್ತೆ ಕೊಯ್ಯುವುದು ಹೇಗೆ, ನಿಂತ ಪೈರೇ ಬೇಕಲ್ಲವೇ ಎಂದರು. ನಾನು ಅವರಿಗೆ ಅದನ್ನು ಹೇಳಿರಲೇ ಇಲ್ಲ. ಬಟ್ಟೆ ಬಿಚ್ಚಿದಾಗ ಬಂದ ಕೆಸರಿನ ಮತ್ತು ಹಸಿಹುಲ್ಲಿನ ವಾಸನೆಗೆ ನನ್ನ ಕಣ್ಣು ತುಂಬಿದವು.

ಡಿಸೆಂಬರಿನಲ್ಲಿ ಇಲ್ಲಿ ಐದು ಗಂಟೆಗೆಲ್ಲ ಕತ್ತಲಾಗುತ್ತದೆ. ಊರಿನ ಗಡಿಯಾರಕ್ಕೂ ನಮ್ಮದಕ್ಕೂ ಒಂದೇ ಸಮಯವಾದರೂ, ಕದಿರು ತೆಗೆಯುವ ಹೊತ್ತಿಗೆ ನಮ್ಮ ತಾರಸಿಯ ಮೇಲೆ ಚಂದ್ರ ಊರಿನಲ್ಲಿರುವುದಕ್ಕಿಂತ ಬಹಳ ಮೇಲೇರಿರುತ್ತಾನೆ. ಮಾವಿನೆಲೆ, ಅರಳಿ ಎಲೆಗಳ ಜೊತೆಗೆ ಸಿಕ್ಕಿದ ಇತರ ಎಲೆಗಳನ್ನು ಸೇರಿಸಿ ನೆರೆ ಕಟ್ಟಿಯಾಗಿತ್ತು. ಬಕೆಟ್ಟಿನ ಬುಡಕ್ಕೆ ಹಾಲು, ಜೇನು ಬಿಟ್ಟು, ಮಾಶಿಮಾ ಕೊಟ್ಟ ಕುಡುಗೋಲಿನಿಂದ ನನ್ನ ಗಂಡ ಕದಿರು ಕೊಯ್ದರು. "ಪೊಲಿ ಪೊಲಿ ದೇವಾ" ಎಂದು ನಾವು ಕೂಗಿದಾಗ ಅಕ್ಕಪಕ್ಕದ ಮನೆಗಳ ಮಕ್ಕಳೂ ದನಿಗೂಡಿಸಿದವು. ಕೋವಿಯ ಜಾಗದಲ್ಲಿ ಮಗಳು ಗಾಳಿ ತುಂಬಿದ ಕಾಗದದ ಚೀಲವನ್ನು ಒಡೆದಳು. ಹಬ್ಬಕ್ಕೆ ಗುಂಡು ಹಾರಿಸುವುದೇ ಎಂದು ಮೇಲಿನ ಮನೆಯ ನಿವೃತ್ತ ಪೊಲೀಸ್ ಅಧಿಕಾರಿ ಅಚ್ಚರಿಪಟ್ಟಾಗ, 1861ರಿಂದಲೂ ಕೊಡಗಿನವರಿಗೆ ಕೋವಿಯ ಪರವಾನಗಿಯಲ್ಲಿ ವಿನಾಯಿತಿಯಿದೆ, ಆಯುಧವನ್ನು ಹೂವಿಟ್ಟು ಪೂಜಿಸುವುದಕ್ಕೆಂದೇ ನಮ್ಮಲ್ಲಿ ಕೈಲ್‌ಪೊಳ್ದ್ ಇದೆ ಎಂದು ನನ್ನ ಗಂಡ ಬಹಳ ಹೆಮ್ಮೆಯಿಂದ ವಿವರಿಸಿದರು. ಕದಿರನ್ನು ದೇವರ ದೀಪಕ್ಕೆ, ಬಾಗಿಲಿಗೆ, ಅಕ್ಕಿಯ ಡಬ್ಬಕ್ಕೆ, ಸ್ಕೂಟರಿನ ಹಿಡಿಗೆ, ಮಾಶಿಮಾ ಅವರ ಮನೆಯ ಬಾಗಿಲಿಗೂ ಕಟ್ಟಿ, ಊಟಕ್ಕೆ ಕುಳಿತೆವು.

ತಂಬಿಟ್ಟು ಬಾಯಿಗಿಟ್ಟಾಗ ನನ್ನ ಮನಸ್ಸು ಆ ಕೋಣೆಯಲ್ಲಿರಲಿಲ್ಲ. ನನ್ನ ಬಾಲ್ಯದ ಹುತ್ತರಿಯಲ್ಲಿ ಕುಲದ ಮೂಲಮನೆಯಾದ ಐನ್‌ಮನೆಯಿಂದ ಹೊರಟ ಸಾಲು, ಮುಂದೆ ದೀಪ ಹಿಡಿದವರು, ಹಿಂದೆ ಕುತ್ತಿ ಎಂಬ ಬುಟ್ಟಿ ಹೊತ್ತವರು, ಮಂಜಿಗೆ ಒದ್ದೆಯಾದ ಬದುವಿನ ಮೇಲೆ ಜಾರುತ್ತ ಗದ್ದೆಗೆ ಇಳಿಯುತ್ತಿದ್ದೆವು. ಅಪ್ಪನದು ಇಂಟಾನ್ ಭತ್ತ. ಕಾಫಿ ಹಣ್ಣಾಗುವ ಹೊತ್ತೂ ಭತ್ತ ಕೊಯ್ಲಿಗೆ ಬರುವ ಹೊತ್ತೂ ಒಂದೇ ಆದ್ದರಿಂದ ಆಳುಗಳಿಗಾಗಿ ಊರೆಲ್ಲ ಪರದಾಡುವ ಕಾಲದಲ್ಲೂ, ತೋಟದ ಹಣ್ಣು ಎರಡು ದಿನ ಕಾದೀತು, ಗದ್ದೆ ಕಾಯಬಾರದು ಎಂದು ಅವರು ಹಟ ಹಿಡಿಯುತ್ತಿದ್ದರು. ಲೆಕ್ಕ ಹಾಕಿದರೆ ಗದ್ದೆಯಲ್ಲಿ ಉಳಿತಾಯವೆಂಬುದಿರಲಿಲ್ಲ. ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದ ನಾನೇ ಆ ಲೆಕ್ಕವನ್ನು ಅಪ್ಪನಿಗೆ ಬರೆದು ತೋರಿಸಿದ್ದೆ. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ನೀರು ನಿಲ್ಲುವ ಗದ್ದೆ ಇದ್ದರೆ ಬಾವಿಯಲ್ಲಿ ನೀರಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸು ಎಂದಿದ್ದರು.

2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಸುತ್ತಮುತ್ತ ಬೆಟ್ಟಗಳು ಕುಸಿದಾಗ, ನಾಟಿ ಮುಗಿದು ಹಸುರಾಗಿದ್ದ ನಮ್ಮ ಗದ್ದೆಯ ಮೇಲೂ ಕೆಂಪು ಮಣ್ಣು, ಮರದ ಬೊಡ್ಡೆಗಳು, ಬಂಡೆಗಳು ಬಂದು ಕೂತವು. ಮನೆ ಉಳಿಯಿತು, ಜೀವ ಉಳಿಯಿತು. ಎಷ್ಟೋ ಮನೆಗಳಲ್ಲಿ ಅದೂ ಉಳಿಯಲಿಲ್ಲ. ಆ ವರ್ಷ ನಾವು ಬೇರೆಯವರ ಗದ್ದೆಯಿಂದ ಕದಿರು ತಂದೆವು. ಮರುವರ್ಷ ಅಪ್ಪ ಮೇಲಿನ ಒಂದು ಮಡಿಯ ಮಣ್ಣನ್ನು ಒಬ್ಬರೇ ಬುಟ್ಟಿಯಲ್ಲಿ ಹೊತ್ತು ತೆಗೆದು, ಕದಿರಿಗೆಂದೇ ಅಷ್ಟರಲ್ಲಿ ನಾಟಿ ಮಾಡಿದರು. ಆ ಹುತ್ತರಿಗೆ ಬಾ ಎಂದು ಎರಡೆರಡು ಸಲ ಫೋನು ಮಾಡಿದ್ದರು. ಮಗಳು ಹಸುಗೂಸು, ಪ್ರಯಾಣ ದೂರ, ಮುಂದಿನ ವರ್ಷ ಖಂಡಿತ ಬರುತ್ತೇವೆ ಎಂದು ನಾನು ಹೇಳಿದೆ. ಕಾರಣಗಳೆಲ್ಲ ನಿಜವೇ ಆಗಿದ್ದವು. ಮುಂದಿನ ಹುತ್ತರಿಯ ಹೊತ್ತಿಗೆ ಅಪ್ಪ ಇರಲಿಲ್ಲ, ಆ ಮಡಿಯಲ್ಲಿ ಕಾಡು ಬೆಳೆಯಿತು, ಅಮ್ಮ ಟಬ್ಬಿಗೆ ಮಣ್ಣು ತುಂಬಿದರು. ಅಪ್ಪ ಒಬ್ಬರೇ ಹೊತ್ತು ತೆಗೆದ ಆ ಮಣ್ಣಿನ ರಾಶಿ ಈಗಲೂ ಮಡಿಯ ಪಕ್ಕದಲ್ಲೇ ಇದೆ. ಊರಿಗೆ ಹೋದಾಗ ನಾನು ಅದನ್ನು ಬಳಸಿಕೊಂಡೇ ತೋಡಿಗೆ ಇಳಿಯುತ್ತೇನೆ.

ರಾತ್ರಿ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ತಮ್ಮನಿಗೆ ಫೋನು ಮಾಡಿ, ಮೇಲಿನ ಮಡಿಯನ್ನು ಮತ್ತೆ ಎಬ್ಬಿಸಲು ಏನು ಬೇಕೆಂದು ಕೇಳಿದೆ. ಮಳೆಗೆ ಮೊದಲು, ಮಾರ್ಚ್ ತಿಂಗಳಲ್ಲಿ ಜೆಸಿಬಿ ತರಿಸಿದರೆ ಮಣ್ಣು ಸರಿಸಬಹುದು, ಬದುವನ್ನು ಕೈಯಲ್ಲೇ ಕಟ್ಟಬೇಕು, ಬಿತ್ತನೆ ಭತ್ತವನ್ನು ಪಕ್ಕದವರು ಕೊಡುತ್ತಾರೆ ಎಂದು ಅವನು ಒಂದೊಂದಾಗಿ ಹೇಳಿದ. ಖರ್ಚನ್ನು ನಾನು ಕೊಡುತ್ತೇನೆ ಎಂದೆ. ಖರ್ಚು ದೊಡ್ಡದಲ್ಲ ಅಕ್ಕ, ಜುಲೈಯಲ್ಲಿ ನಾಟಿಗೆ ಯಾರು ಬರುತ್ತಾರೆ ಹೇಳು ಎಂದು ಅವನು ಕೇಳಿದ. ರಜೆಯ ಪಟ್ಟಿ ನೋಡಿ ತಿಳಿಸುತ್ತೇನೆಂದು ಹೇಳಿದ್ದೇನೆ, ಇನ್ನೂ ತಿಳಿಸಿಲ್ಲ.