ಹೆಪ್ಪುಗಟ್ಟುವ ತನಕ

ಓಮ್ನಿಯ ಬಾಗಿಲು ದಡಾರನೆ ಸರಿದ ಸದ್ದಿಗೇ ನಮ್ಮ ಸಿಸ್ಟರ್ ಎದ್ದು ನಿಂತರು. ‘ಹಾವು’ ಅಂದರು. ಇನ್ನೂ ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದ್ದಕ್ಕೆ, ‘ಮಳೆಗಾಲದಲ್ಲಿ ಸಂಜೆ ಏಳೂವರೆ ಮೇಲೆ ಓಮ್ನಿ ತುಂಬಾ ಜನ ಬಂದ್ರೆ ಇನ್ನೆಂತ ಡಾಕ್ಟ್ರೇ? ಹೆರಿಗೆಗೆ ಇಷ್ಟು ಗಂಡಸರು ಬರ್ತಾರಾ?’ ಅಂದಿದ್ದರು.

ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಗೆಂದು ಮಲೆನಾಡಿನ ಆ ತಾಲ್ಲೂಕು ಆಸ್ಪತ್ರೆಗೆ ಬಂದು ನನಗೆ ಮೂರು ತಿಂಗಳಾಗಿತ್ತು. ನಾನು ದಾವಣಗೆರೆ ಕಡೆಯವಳು. ಮಳೆ ಅಂದರೆ ಬಂದು ಹೋಗುವಂಥದ್ದು ಎಂದುಕೊಂಡಿದ್ದವಳಿಗೆ, ಬಂದರೆ ಹೋಗದ ಮಳೆಯನ್ನು ಅಲ್ಲೇ ನೋಡಿದ್ದು. ರಾತ್ರಿ ಪಾಳಿಗೆ ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್, ಒಬ್ಬ ಡಿ ಗ್ರೂಪ್ ನೌಕರ. ಸಿಸ್ಟರಿಬ್ಬರಲ್ಲಿ ಒಬ್ಬರು ಹೆರಿಗೆ ವಾರ್ಡಿಗೆ. ಅಂದರೆ ಎಮರ್ಜೆನ್ಸಿಗೆ ಉಳಿಯುವುದು ನಾನು ಮತ್ತು ಇಪ್ಪತ್ತೆರಡು ವರ್ಷ ಸರ್ವೀಸಿನ ನಮ್ಮ ಹಿರಿಯ ಸಿಸ್ಟರ್. ಅವರನ್ನು ನಾನು ಸಿಸ್ಟರ್ ಅನ್ನುತ್ತಿದ್ದೆ, ಅವರು ನನ್ನನ್ನು ಡಾಕ್ಟ್ರೇ ಅನ್ನುತ್ತಿದ್ದರು. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಂದ ಹೆಂಗಸಿಗೆ ನಲವತ್ತೈದರ ಆಸುಪಾಸು. ಸೊಪ್ಪಿನ ಬೆಟ್ಟದಿಂದ ಹೊರೆ ತಂದು ಕೊಟ್ಟಿಗೆಯಲ್ಲಿ ಹರಡುವಾಗ ಬಲಗಾಲಿಗೆ ಏನೋ ಚುಚ್ಚಿದೆ. ಸಮಯ ಸುಮಾರು ಆರೂಕಾಲು. ಹಾವು ಸೊಪ್ಪಿನಡಿ ಸರಿದದ್ದು ಕಂಡಿದೆ, ಯಾವ ಹಾವೆಂದು ಯಾರಿಗೂ ಗೊತ್ತಿಲ್ಲ. ದಾರಿಯಲ್ಲಿ ಒಬ್ಬರ ಮನೆಗೆ ಹೋಗಿ ಔಷಧಿ ಹಚ್ಚಿಸಿಕೊಂಡು ನಮ್ಮಲ್ಲಿಗೆ ಬರುವಾಗ 7.40. ಪಾದದ ತುಂಬ ಹಸಿರು ಸೊಪ್ಪಿನ ಮೆತ್ತೆ. ಮೊಣಕಾಲ ಕೆಳಗೆ ನೀಲಿ ಪ್ಲಾಸ್ಟಿಕ್ ಹಗ್ಗವನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಅದು ಚರ್ಮದೊಳಗೆ ಹೂತಿತ್ತು.

ಆ ಹಗ್ಗವನ್ನು ಕಂಡ ಕೂಡಲೇ ಕತ್ತರಿಸುವಂತಿಲ್ಲ. ತಡೆದು ನಿಂತ ವಿಷ ಒಮ್ಮೆಲೇ ಮೈಗೇರಿದರೆ ಸಂಭಾಳಿಸಲು ಕೈಗೆ ಡ್ರಿಪ್‌ನ ದಾರಿ ಮೊದಲು ಸಿದ್ಧವಾಗಿರಬೇಕು. ಸಿಸ್ಟರ್ ಸೂಜಿ ಹಾಕಿದರು, ನಾನು ಪಾದದ ನಾಡಿ ಹುಡುಕುತ್ತ ಹಗ್ಗವನ್ನು ನಿಧಾನವಾಗಿ ಸಡಿಲಿಸಿದೆ. ಸೊಪ್ಪನ್ನು ಒರೆಸಿದಾಗ ಹಿಮ್ಮಡಿಯಿಂದ ಸ್ವಲ್ಪ ಮೇಲೆ ಎರಡು ಗುರುತು. ಸುತ್ತ ಒಂದಿಷ್ಟು ಊತ. ವಸಡಿನಲ್ಲಿ ರಕ್ತವಿಲ್ಲ, ರೆಪ್ಪೆ ಇಳಿಬಿದ್ದಿಲ್ಲ, ಮಾತು ಸ್ಪಷ್ಟ.

ಇನ್ನು ಉಳಿದದ್ದು ಕಾಲುಂಗುರ. ಊತ ಏರಿದರೆ ಅದು ಬೆರಳನ್ನೇ ಕೊಯ್ಯುತ್ತದೆ, ತೆಗೆಯಲೇಬೇಕು. ‘ತೆಗೀತೀನಿ ಅಕ್ಕ’ ಎಂದು ಬಗ್ಗಿದೆ. ಅಷ್ಟು ಹೊತ್ತು ಸುಮ್ಮನಿದ್ದವರು ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. ‘ಅವ್ರು ಇರುವಾಗ ಅದನ್ನ ತೆಗೆಯಂಗಿಲ್ಲ.’ ಜೀವದ ಪ್ರಶ್ನೆ ಎಂದು ನಾನು ವಾದಕ್ಕಿಳಿಯುತ್ತಿದ್ದೆನೇನೋ. ಸಿಸ್ಟರ್ ಬಾಗಿಲಿಗೆ ಹೋಗಿ, ‘ಯಜಮಾನ್ರು ಯಾರು? ಒಳಗೆ ಬನ್ನಿ’ ಎಂದು ಕೂಗಿದರು. ಹೊರಗೆ ಕಂಬಳಿಕೊಪ್ಪೆ ಹಾಕಿಕೊಂಡೇ ನಿಂತಿದ್ದ ಮನುಷ್ಯ ಬಂದರು. ವಿಷಯ ಕೇಳಿ ಹೆಂಡತಿಯ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸೋಪಿನ ನೀರು ಹಚ್ಚಿ, ಉಂಗುರವನ್ನು ತಿರುಗಿಸುತ್ತ ತಿರುಗಿಸುತ್ತ ತಾವೇ ತೆಗೆದರು. ತಮ್ಮ ಟವೆಲಿನ ತುದಿಗೆ ಅದನ್ನು ಗಂಟು ಹಾಕಿಕೊಂಡು, ಒಂದು ಮಾತೂ ಆಡದೆ ಮತ್ತೆ ಹೊರಗೆ ಹೋಗಿ ನಿಂತರು.

7.50ಕ್ಕೆ ನಾನು ರಕ್ತ ತೆಗೆದೆ.

ಈ ಪರೀಕ್ಷೆಗೆ ಯಂತ್ರವಿಲ್ಲ, ಲ್ಯಾಬ್ ಬೇಡ. ತೊಳೆದು ಮರುಬಳಕೆ ಮಾಡದ, ಒಣಗಿದ ಹೊಸ ಗಾಜಿನ ನಳಿಕೆಗೆ ಎರಡು ಮಿಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ. ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ತಿಂದು ಹಾಕಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆ ಆಗುವುದಿಲ್ಲ, ಸೋಪಿನಲ್ಲಿ ತೊಳೆದ ಗಾಜೂ ಆಗುವುದಿಲ್ಲ. ಎರಡರಲ್ಲೂ ಒಳ್ಳೆಯ ರಕ್ತವೇ ಹೆಪ್ಪುಗಟ್ಟದೆ ಸುಳ್ಳು ಹೇಳುತ್ತದೆ. ಇಷ್ಟೆಲ್ಲ ನನಗೆ ಬಾಯಿಪಾಠ. ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ಮಗನಿಗೆ ಇಪ್ಪತ್ತೈದಿರಬಹುದು. ‘ಎಂತಕ್ಕೆ ಇಂಜೆಕ್ಷನ್ ಹಾಕ್ತಾ ಇಲ್ಲ?’ ಎಂದು ಮೊದಲು ಮೆಲ್ಲಗೆ ಕೇಳಿದ. ಎರಡನೇ ಸಲ ಜೋರಾಗಿ. ಮೂರನೇ ಸಲಕ್ಕೆ ಅವನ ಹಿಂದೆ ಆರು ಜನ ಇದ್ದರು, ಒಬ್ಬ ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದ. ವೈದ್ಯರ ಮೇಲೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಜೈಲು ಎನ್ನುವ 2009ರ ಕಾಯ್ದೆಯ ಬೋರ್ಡು ಅವನ ಬೆನ್ನ ಹಿಂದೆಯೇ ನೇತಾಡುತ್ತಿತ್ತು. ಬೋರ್ಡು ಯಾವಾಗಲೂ ಬೆನ್ನ ಹಿಂದೆಯೇ ಇರುತ್ತದೆ. ಅದೇ ಹೊತ್ತಿಗೆ ಜ್ವರಕ್ಕೆ ಪಿಟ್ಸ್ ಬಂದ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಇನ್ನೊಂದು ತಾಯಿ ಓಡಿ ಬಂದಳು. ಮಗುವನ್ನು ಮಗ್ಗುಲಿಗೆ ಮಲಗಿಸಿ, ಔಷಧಿ ಕೊಟ್ಟು, ಅದು ಅತ್ತ ಮೇಲೆ ನಾನು ಉಸಿರು ಬಿಟ್ಟು ತಿರುಗಿದರೆ ಮಗ ಮೇಜಿನ ಮುಂದೆ ನಿಂತಿದ್ದ. ‘ನಮ್ಮಮ್ಮ ಸಾಯೋದನ್ನ ನೋಡ್ತಾ ಕೂತಿದೀರಾ?’

ನಾನು ನಳಿಕೆಯನ್ನು ಎತ್ತಿ ಓರೆ ಮಾಡಿದೆ. ಹರಿಯಿತು. ‘ನೋಡಿ, ಹೆಪ್ಪುಗಟ್ಟಿಲ್ಲ, ಈಗ ಶುರು ಮಾಡ್ತೀವಿ’ ಅಂದೆ. ಆ ದನಿಯಲ್ಲಿ ಇದ್ದದ್ದು ನಿರಾಳ, ಹೆಚ್ಚುಕಡಿಮೆ ಸಂತೋಷ. ಹೇಳುವುದಕ್ಕೆ ಕೊನೆಗೂ ಏನೋ ಸಿಕ್ಕಿತ್ತು.

ಸಿಸ್ಟರ್ ಗೋಡೆ ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಎಂಟು ಗಂಟೆ ಒಂದು ನಿಮಿಷ. ರಕ್ತ ತೆಗೆದು ಹನ್ನೊಂದೇ ನಿಮಿಷ ಆಗಿತ್ತು. ಅಷ್ಟರಲ್ಲಿ ಒಳ್ಳೆಯ ರಕ್ತವೂ ಹಾಗೆ ಹರಿಯಬಹುದು. ಅಲುಗಾಡಿಸಿದ ಮೇಲೆ ಆ ನಳಿಕೆಯನ್ನು ನಂಬುವಂತಿಲ್ಲ.

ಆದರೂ ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಆ ಕ್ಷಣ ಕೇಳಿಕೊಂಡೆ. ಹಾವಿನ ಇಂಜೆಕ್ಷನ್ ಎಂದು ನಾವು ಕರೆಯುವುದು ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ಮಾಡಿದ ಔಷಧಿ. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾತ್ರ ಅದು ಮದ್ದು. ಮಲೆನಾಡಿನ ತೋಟಗಳಲ್ಲಿ ಮೂಗು ಮೇಲಕ್ಕೆ ಬಾಗಿದ ಒಂದು ಸಣ್ಣ ಮಂಡಲದ ಹಾವಿದೆ, ಅದರ ವಿಷಕ್ಕೆ ಇದು ಕೆಲಸ ಮಾಡುವುದಿಲ್ಲ. ಹಾವು ಕಚ್ಚಿದರೂ ವಿಷ ಬಿಡದೆ ಹೋಗುವುದೂ ಉಂಟು. ಬೇಕಿಲ್ಲದವರಿಗೆ ಕೊಟ್ಟರೆ ಕುದುರೆಯ ಆ ಪ್ರೋಟೀನಿಗೆ ಮೈ ತಿರುಗಿಬಿದ್ದು, ಹಾವು ಕೊಲ್ಲದವರನ್ನು ಔಷಧಿ ಕೊಲ್ಲಬಹುದು. ಇನ್ನೊಂದು ಸಂಗತಿ: ದೇಶದ ಔಷಧಿಗೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದದ್ದು. ಅಲ್ಲಿನ ಹಾವಿನ ವಿಷವೂ ನಮ್ಮ ಕಡೆಯ ಅದೇ ಜಾತಿಯ ಹಾವಿನ ವಿಷವೂ ತದ್ವತ್ ಒಂದೇ ಅಲ್ಲ. ಮದ್ದು ಇದ್ದೂ ಎಲ್ಲ ಕಡೆ ಒಂದೇ ಸಮ ಹಿಡಿಯುವುದಿಲ್ಲ. ಇಷ್ಟನ್ನೂ ಆ ಮಗನಿಗೆ ನಾನು ಹೇಳುವುದು ಹೇಗೆ?

ಸಿಸ್ಟರ್ ನನಗೆ ಏನೂ ಹೇಳಲಿಲ್ಲ. ಹೊಸ ಗಾಜಿನ ನಳಿಕೆ ತೆಗೆದರು, ಸಿರಿಂಜ್ ನನ್ನ ಕೈಗೆ ಕೊಟ್ಟರು. 8.04. ನಳಿಕೆಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮೇಜಿನ ಮುಂದೆ ಒಂದು ಸ್ಟೂಲ್ ಎಳೆದು ಮಗನನ್ನು ಕರೆದರು.

‘ಇಲ್ಲಿ ಕೂತ್ಕೊ ತಮ್ಮಾ. ನಿಮ್ಮನೇಲಿ ಹಾಲಿಗೆ ಹೆಪ್ಪು ಹಾಕ್ತಾರಲ್ಲ, ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತಾ ಇದ್ರೆ ಮೊಸರಾಗ್ತದಾ?’

‘ಇಲ್ಲ.’

‘ಇದೂ ಹಂಗೇ. ಎಂಟು ಇಪ್ಪತ್ನಾಕರ ತನಕ ಇದನ್ನ ಯಾರೂ ಮುಟ್ಟಬಾರ್ದು. ನಾನೂ ಮುಟ್ಟಬಾರ್ದು, ಡಾಕ್ಟ್ರೂ ಮುಟ್ಟಬಾರ್ದು. ನಿನ್ನ ಜವಾಬ್ದಾರಿ.’

ಹೆಪ್ಪಿನ ಮಾತು ಅವನಿಗೆ ಹೇಳಿದ್ದು. ಅದರಲ್ಲಿ ನನ್ನ ಪಾಲೂ ಇತ್ತು.

ಅವನು ಕೂತ. ಮುಂದಿನ ಇಪ್ಪತ್ತು ನಿಮಿಷ ಅಂಥ ಕಾವಲನ್ನು ನಾನು ಮತ್ತೆ ನೋಡಿಲ್ಲ. ಜೊತೆಯವರು ಮೇಜಿಗೆ ಮೈ ತಾಗಿಸಿದರೆ ‘ಸರೀರಿ ಆಚೆ’ ಎಂದು ಗದರುತ್ತಿದ್ದ. ನಡುವೆ ಕರೆಂಟ್ ಹೋಯಿತು. ಜನರೇಟರ್ ಹಿಡಿಯುವ ತನಕ, ಅಷ್ಟೊತ್ತು ವಿಡಿಯೊ ಮಾಡುತ್ತಿದ್ದವನ ಮೊಬೈಲನ್ನೇ ಕಸಿದುಕೊಂಡು ನಳಿಕೆಗೆ ಟಾರ್ಚ್ ಬಿಟ್ಟು ಕೂತಿದ್ದ. ನಾನು ಕೇಸ್ ಶೀಟ್ ತೆಗೆದುಕೊಳ್ಳಲು ಮೇಜಿನ ಕಡೆ ಕೈ ಚಾಚಿದರೆ, ‘ಇನ್ನೂ ಏಳು ನಿಮಿಷ ಇದೆ ಡಾಕ್ಟ್ರೇ’ ಅಂದ.

ಆ ಅಕ್ಕನ ಊತ ಅಷ್ಟರಲ್ಲಿ ಕಣಕಾಲು ದಾಟಿತ್ತು. ನಾನು ಐದೈದು ನಿಮಿಷಕ್ಕೆ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ, ಗೆರೆ ಮೇಲೆ ಮೇಲೆ ಹೋಗುತ್ತಿತ್ತು.

8.24ಕ್ಕೆ ಅವನೇ ನನ್ನನ್ನು ಕರೆದ. ಓರೆ ಮಾಡಿದೆ. ಕೆಂಪು ನೀರಿನಂತೆ ನಳಿಕೆಯ ಬಾಯಿಗೆ ಬಂತು. ನನಗಿಂತ ಮೊದಲು ಅವನು ಅದನ್ನು ನೋಡಿದ. ಈ ಸಲ ಯಾರೂ ಕೂಗಲಿಲ್ಲ.

ಮೊದಲ ಡೋಸು ಹತ್ತು ವಯಲ್. ಮಗುವಾದರೂ ಅಷ್ಟೇ, ದೊಡ್ಡವರಾದರೂ ಅಷ್ಟೇ, ಹಾವು ತೂಕ ನೋಡಿ ವಿಷ ಬಿಡುವುದಿಲ್ಲವಲ್ಲ. ಒಂದೊಂದು ವಯಲ್‌ನಲ್ಲೂ ಬಿಳಿ ಪುಡಿ. ಹತ್ತು ಮಿಲಿ ನೀರು ಹಾಕಿ ಕರಗಿಸಬೇಕು, ಕುಲುಕಿದರೆ ನೊರೆಯಾಗಿ ಕೆಡುತ್ತದೆ. ಸಿಸ್ಟರೂ ನಾನೂ ಎದುರು ಬದುರು ನಿಂತು ವಯಲ್‌ಗಳನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದೆವು. ಅಷ್ಟು ಅವಸರದಲ್ಲಿ ಅಷ್ಟು ನಿಧಾನದ ಕೆಲಸ. 8.45ಕ್ಕೆ ಡ್ರಿಪ್ ಶುರುವಾಯಿತು. ಒಂಬತ್ತಕ್ಕೆ ಆ ಅಕ್ಕ ಕುತ್ತಿಗೆ ಕೆರೆದುಕೊಳ್ಳತೊಡಗಿದರು, ಎದೆಯ ಮೇಲೆ ದದ್ದು, ಮೈ ನಡುಕ. ಡ್ರಿಪ್ ನಿಲ್ಲಿಸಿ ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್. ಹತ್ತು ನಿಮಿಷ ಕಳೆದು ಉಸಿರು, ಬಿಪಿ ಹದಕ್ಕೆ ಬಂದ ಮೇಲೆ ಅದೇ ಔಷಧಿ ಮತ್ತೆ, ಹನಿ ಹನಿಯಾಗಿ. ಬೇರೆ ದಾರಿ ಇಲ್ಲ. ‘ಔಷಧಿನೇ ವಿಷ ಆಯ್ತಾ?’ ಎಂದು ಮಗ ಕೇಳಿದ. ಸ್ವಲ್ಪ ಹೊತ್ತು ಹೌದು, ಅಂದೆ. ಆ ರಾತ್ರಿ ನಾನು ಅವನಿಗೆ ಹೇಳಿದ ಅತ್ಯಂತ ನೇರ ಮಾತು ಅದು.

ಆಮೇಲೆ ಬಂದವರಲ್ಲಿ ಉಬ್ಬಸದ ಅಜ್ಜ ನೆನಪಿದ್ದಾರೆ, ಬೈಕ್ ಜಾರಿ ಗಲ್ಲ ಸೀಳಿಕೊಂಡ ಹುಡುಗನ ಐದು ಹೊಲಿಗೆ ನೆನಪಿದೆ. ಉಳಿದದ್ದು ಕಾಗದ. ಹಾವು ಕಡಿತ ಅಂದರೆ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸಿನ ರಿಜಿಸ್ಟರ್ ಬರೆಯಬೇಕು. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ ಮೇಲೆ ಪ್ರತಿಯೊಂದು ಕೇಸನ್ನೂ ವರದಿ ಮಾಡಬೇಕು. ಇದರ ಬಗ್ಗೆ ಗೊಣಗುವವರು ಇದ್ದಾರೆ, ನಾನು ಗೊಣಗುವುದಿಲ್ಲ. ಎಷ್ಟು ಜನಕ್ಕೆ ಕಚ್ಚುತ್ತದೆ ಎಂದು ಲೆಕ್ಕವೇ ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಎಷ್ಟು ವಯಲ್ ಕಳಿಸಬೇಕೆಂದು ಯಾರಿಗೆ ತಿಳಿಯಬೇಕು? ಆದರೆ ಕೇಸ್ ಶೀಟಿನಲ್ಲಿ ಪರೀಕ್ಷೆಯ ಸಮಯ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. 7.50 ಎಂದು ಬರೆದೆ. ಕೆಳಗೆ 8.04, ‘ಮತ್ತೆ ತೆಗೆಯಲಾಯಿತು’. ಯಾಕೆ ಎಂದು ಬರೆಯಲಿಲ್ಲ. ಹದಿನಾಲ್ಕು ನಿಮಿಷ. ಕೊಳಕುಮಂಡಲದ ವಿಷಕ್ಕೆ ಕಿಡ್ನಿ ಹಾಳು ಮಾಡಲು ಹದಿನಾಲ್ಕು ನಿಮಿಷ ಹೆಚ್ಚಾಗಿ ಸಿಕ್ಕಿದ್ದು ನನ್ನಿಂದ. ಹಗ್ಗ ಕಟ್ಟಿ ಸೊಪ್ಪು ಹಚ್ಚಿದ ಮನೆಯಲ್ಲಿ ಕಳೆದ ಹೊತ್ತಿನ ಮುಂದೆ ಅದೇನು ಮಹಾ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಲೆಕ್ಕ ಸರಿಯೇ. ಸಮಾಧಾನ ಮಾತ್ರ ಆಗಲಿಲ್ಲ.

ಔಷಧಿ ಶುರುವಾಗಿ ಆರು ತಾಸಾದ ಮೇಲೆ ಅದೇ ಪರೀಕ್ಷೆ ಮತ್ತೆ, ರಾತ್ರಿ 2.45ಕ್ಕೆ. ರಕ್ತ ತೆಗೆಯುವ ಮೊದಲೇ ಮಗ ತಾನಾಗಿ ಬಂದು ಸ್ಟೂಲ್ ಮೇಲೆ ಕೂತಿದ್ದ. 3.05ಕ್ಕೆ ಓರೆ ಮಾಡಿದರೆ ನಳಿಕೆಯ ತಳದಲ್ಲಿ ಕಪ್ಪುಗೆಂಪು ಗಟ್ಟಿ, ಅಲುಗಲಿಲ್ಲ. ಅವನು ನಕ್ಕ. ನಾನು ನಗಲಿಲ್ಲ, ಏಕೆಂದರೆ ಮಂಚದ ಬದಿಯ ಚೀಲದಲ್ಲಿ ಅಷ್ಟು ಹೊತ್ತಿಗೆ ಇದ್ದ ಮೂತ್ರ ಒಂದು ಕಾಫಿ ಲೋಟದಷ್ಟೂ ಇರಲಿಲ್ಲ, ಬಣ್ಣ ಕೋಕಂ ಶರಬತ್ತಿನದು. ರಕ್ತ ಸರಿಹೋಗಿತ್ತು, ಕಿಡ್ನಿ ಕೈಕೊಡುತ್ತಿತ್ತು. ಬೆಳಗಿನ ಜಾವ 108ರಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆವು. ಗಂಡ ಆಂಬುಲೆನ್ಸ್ ಹತ್ತುವಾಗ ಟವೆಲಿನ ಗಂಟನ್ನು ಮುಟ್ಟಿ ನೋಡಿಕೊಂಡರು. ನಾನು ಒಂಬತ್ತಕ್ಕೆ ಒಪಿಡಿಗೆ ಕೂತೆ. ಊಟದ ಡಬ್ಬಿ ಹಾಗೇ ಇತ್ತು, ಅನ್ನ ಹಳಸಿತ್ತು.

ನಾಲ್ಕು ವಾರದ ಮೇಲೆ ಆ ಅಕ್ಕ ಒಪಿಡಿಗೆ ನಡೆದುಕೊಂಡೇ ಬಂದರು, ಕಾಗದಗಳ ಪ್ಲಾಸ್ಟಿಕ್ ಕವರ್ ಹಿಡಿದು ಮಗ ಹಿಂದೆ. ಐದು ಸಲ ಡಯಾಲಿಸಿಸ್ ಆಗಿ ಕಿಡ್ನಿ ಚೇತರಿಸಿಕೊಂಡಿತ್ತು. ನಾನು ರಿಪೋರ್ಟ್ ನೋಡುತ್ತಿರುವಾಗ ಮಗ ಕೇಳಿದ, ‘ಅವತ್ತು ಮೊದಲ್ನೇ ರಕ್ತಕ್ಕೆ ಎಂತ ಆಗಿತ್ತು ಡಾಕ್ಟ್ರೇ?’

ಹೇಳಿದೆ. ಸಮಯಕ್ಕೆ ಮೊದಲೇ ಎತ್ತಿ ನೋಡಿದ್ದು ನನ್ನ ತಪ್ಪು, ಅದರಿಂದ ಔಷಧಿ ತಡವಾಯಿತು, ಎಂದೆ.

‘ಗೊತ್ತು. ಸಿಸ್ಟರ್ ನಿಮ್ಮನ್ನ ನೋಡಿದ್ರಲ್ಲ, ಆಗ್ಲೇ ಗೊತ್ತಾಯ್ತು’ ಅಂದ. ಅಷ್ಟು ಹೇಳಿ ಕಾಗದಗಳನ್ನು ಒಂದೊಂದಾಗಿ ಕವರಿಗೆ ಸೇರಿಸತೊಡಗಿದ.

ಅವನ ತಾಯಿಗೆ ಈ ಮಾತಿನ ಮೇಲೆ ಗಮನವೇ ಇರಲಿಲ್ಲ. ಕಾಲುಂಗುರ ಮತ್ತೆ ಬೆರಳಲ್ಲಿತ್ತು, ಗುರುತಿನ ಜಾಗದ ಚರ್ಮ ಇನ್ನೂ ಕಪ್ಪಗಿತ್ತು. ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿ, ‘ಉಪ್ಪಿಲ್ದೆ ಊಟ ಇನ್ನು ಎಷ್ಟು ದಿನ ಮಾಡ್ಬೇಕು ತಂಗಿ? ಉಪ್ಪಿನಕಾಯಿ ಭರಣಿ ನೋಡ್ತಾ ನೋಡ್ತಾ ಉಣ್ತಾ ಇದೀನಿ’ ಅಂದರು.