ದಿನಚರಿ: ನಂದಿ ತಪ್ಪಲಿನ ವೈನ್, ಚಿಕ್ಕಮ್ಮನ ಮನೆಯ ಊಟ

19 ಜನವರಿ 2025, ಭಾನುವಾರ

ಪುಣೆಯಿಂದ ತಮ್ಮ ಫೋನ್ ಮಾಡಿದ್ದ. ತಿಂಗಳ ಕೊನೆಗೆ ಅವನೂ ಅವನ ಹೆಂಡತಿಯೂ ಬರುತ್ತಾರಂತೆ. ಚಿಕ್ಕಬಳ್ಳಾಪುರದ ಚಿಕ್ಕಮ್ಮನನ್ನು ನೋಡಲೇಬೇಕು ಅನ್ನುವುದು ಅವನ ಹಟ. "ಅಕ್ಕ, ಹೇಗೂ ಆ ಕಡೆ ಹೋಗ್ತೀವಲ್ಲ, ದಾರೀಲಿ ವೈನರಿ ನೋಡ್ಕೊಂಡು ಹೋಗೋಣ. ನಾಸಿಕದ್ದೆಲ್ಲ ನೋಡಿದೀನಿ, ನಮ್ಮೂರ ಪಕ್ಕದ್ದೇ ನೋಡಿಲ್ಲ" ಅಂದ. ನನಗೂ ಬಹಳ ದಿನದ ಆಸೆ ಅದು. ಇವರು ಕೂಡಲೇ ಒಪ್ಪಿದರು. ಮಧ್ಯಾಹ್ನವಿಡೀ ಕೂತು ಯೋಜನೆ ಹಾಕಿದೆ.

ಮೊದಲು ದಿನ ಗೊತ್ತಾಗಬೇಕು. ತಮ್ಮ ಮುಂದಿನ ಭಾನುವಾರ ಅಂದಿದ್ದ. ಅದು 26, ಗಣರಾಜ್ಯೋತ್ಸವ, ರಾಜ್ಯದಲ್ಲೆಲ್ಲ ಮದ್ಯ ಮಾರಾಟ ಬಂದ್. ಆ ದಿನ ಟೇಸ್ಟಿಂಗ್‌ಗೆ ಅಂತ ಹೊರಡುವುದು ಸುಮ್ಮನೆ ಪೆಟ್ರೋಲ್ ದಂಡ. ಹಾಗಾಗಿ ಫೆಬ್ರವರಿ 1, ಶನಿವಾರ ಅಂತ ಇಟ್ಟುಕೊಂಡೆವು. ತೋಟದ ಲೆಕ್ಕದಲ್ಲೂ ಒಳ್ಳೆಯ ಕಾಲವೇ. ಚಳಿದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ಆ ನಿದ್ದೆಯಿಲ್ಲ, ಅದಕ್ಕೇ ವರ್ಷಕ್ಕೆರಡು ಸಲ ಬಳ್ಳಿ ಕತ್ತರಿಸಿ ಸವರುತ್ತಾರೆ: ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಂದಾಗುವ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಎರಡನೇ ಸವರಿಕೆಯ ಮೇಲೆ ಬಂದ ಗೊಂಚಲು ಫೆಬ್ರವರಿ, ಮಾರ್ಚ್‌ಗೆ ಹಣ್ಣಾಗುತ್ತದೆ. ಜುಲೈನಲ್ಲಿ ಹೋದವರಿಗೆ ಸಿಗುವುದು ಬರೀ ಎಲೆಯ ದರ್ಶನ.

ಆಮೇಲೆ ಎಲ್ಲಿಗೆ ಅನ್ನುವ ಪ್ರಶ್ನೆ. ತಮ್ಮ ಕಳಿಸಿದ ಪಟ್ಟಿಯಲ್ಲಿ ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ, ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರದ ಡೊಮೇನ್ ಸುಲಾ, ಜೊತೆಗೆ ಹಂಪಿ ಕಡೆಯ ಕೃಷ್ಮಾ, ಎಲ್ಲವೂ ಇದ್ದವು. ಚನ್ನಪಟ್ಟಣಕ್ಕೂ ದೊಡ್ಡಬಳ್ಳಾಪುರಕ್ಕೂ ನಡುವೆ ಇಡೀ ಬೆಂಗಳೂರು ಅಡ್ಡ ಮಲಗಿದೆ. ಹಂಪಿಗಂತೂ ಬೇರೆಯದೇ ಪ್ರಯಾಣ ಬೇಕು. ಅಷ್ಟನ್ನೂ ತುರುಕಿದರೆ ಕಾರಿನಲ್ಲಿ ಕೂತ ನೆನಪೊಂದೇ ಉಳಿಯುತ್ತದೆ. ಐದಾರು ವೈನ್ ರುಚಿ ನೋಡುವಷ್ಟರಲ್ಲಿ ನಾಲಿಗೆ ದಣಿಯುತ್ತದೆ, ಆಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಒಂದೇ ವೈನರಿ, ಒಂದೇ ಒಳ್ಳೆಯ ಊಟ, ಮಿಕ್ಕ ಹೊತ್ತು ಚಿಕ್ಕಮ್ಮನಿಗೆ. ಇದರಲ್ಲಿ ನಾನು ಜಗ್ಗಲಿಲ್ಲ.

ಹಾಗಾಗಿ ಗ್ರೋವರ್. ನಮ್ಮ ನಾಡಿನ ವೈನ್ ಕಥೆ ಅಲ್ಲಿಂದಲೇ ಶುರು ಅಂದರೂ ನಡೆದೀತು. ಫ್ರಾನ್ಸಿನ ಜೊತೆ ವ್ಯಾಪಾರವಿದ್ದ ಕನ್ವಲ್ ಗ್ರೋವರ್ ಅವರು ಅಲ್ಲಿನ ಶಾಂಪೇನ್ ಪ್ರಾಂತ್ಯದ ವೈನ್ ತಯಾರಕ ಜಾರ್ಜ್ ವೆಸೆಲ್ ಅವರ ನೆರವಿನಿಂದ ಬಗೆಬಗೆಯ ಫ್ರೆಂಚ್ ತಳಿಗಳನ್ನು ಇಲ್ಲಿ ನೆಟ್ಟು ನೋಡಿ, 1988ರಲ್ಲಿ ನಂದಿ ತಪ್ಪಲಿನಲ್ಲಿ ನೆಲೆಯೂರಿದರು. ಆಮೇಲೆ ಫ್ರಾನ್ಸಿನದೇ ಬೋರ್ಡೋದ ವೈನ್ ತಜ್ಞ ಮಿಶೆಲ್ ರೊಲಾಂ ಸಲಹೆಗಾರರಾದರು. ರಾಜ್ಯ ಸರ್ಕಾರದ ವೈನ್ ನೀತಿ ಬಂದದ್ದು 2007ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲು, ಯಾರ ಬೆಂಬಲವೂ ಇಲ್ಲದಾಗ ಇಲ್ಲಿ ಕ್ಯಾಬರ್ನೆ ಸುವಿನ್ಯೋ ಎಂಬ ಫ್ರೆಂಚ್ ಕೆಂಪು ವೈನ್ ದ್ರಾಕ್ಷಿ ಬೆಳೆದ ಧೈರ್ಯ ನನಗೆ ನಿಜಕ್ಕೂ ದೊಡ್ಡದಾಗಿ ಕಾಣುತ್ತದೆ. ಸುಮಾರು 900 ಮೀಟರ್ ಎತ್ತರ, ಕೆಂಪು ಮಣ್ಣು, ಹಗಲು ಬಿಸಿಲು, ರಾತ್ರಿ ತಂಪು. ಹಗಲಲ್ಲಿ ಹಣ್ಣಿಗೆ ಸಕ್ಕರೆ ಏರುತ್ತದೆ, ರಾತ್ರಿಯ ತಂಪಿಗೆ ಹುಳಿ ಪೂರಾ ಇಳಿಯದೆ ಉಳಿಯುತ್ತದೆ. ವೈನ್‌ಗೆ ಎರಡೂ ಬೇಕು.

ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ ನೇರವಾಗಿ ಕೇಳಿಬಿಟ್ಟೆ: "ಚಿಕ್ಕಮ್ಮ, ಒಂದೆರಡು ಬಾಟಲಿ ತರ್ತೀವಿ, ನಿಮ್ಮನೇಲಿ ಪರವಾಗಿಲ್ವಾ?" ಒಂದು ಕ್ಷಣ ಸುಮ್ಮನಿದ್ದು, "ನಡುಮನೇಲಿ ಬೇಡ ಕಣೆ, ದೇವರ ಮನೆ ಎದುರಿಗೇ ಇದೆ. ಮಹಡಿ ಮೇಲೆ ಕೂತ್ಕೊಳ್ಳಿ, ಊಟಾನೂ ಅಲ್ಲಿಗೇ ಕಳಿಸ್ತೀನಿ" ಅಂದರು. ಶನಿವಾರ ಆ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ರಾತ್ರಿಗೆ ಹಿದುಕಿದ ಬೇಳೆ ಸಾರು, ಮುದ್ದೆ. ಭಾನುವಾರ ಮಧ್ಯಾಹ್ನ ನಾಟಿಕೋಳಿ. ಯಾವ ವೈನ್ ಕೊಳ್ಳಬೇಕು ಅನ್ನುವುದು ಅಲ್ಲಿಗೆ ಅರ್ಧ ತೀರ್ಮಾನವಾಯಿತು.

ಚಿಕ್ಕಪ್ಪ ಮಾತ್ರ "ನಾನು ಕುಡಿಯೋನಲ್ಲ, ಅಲ್ಲಿ ನನಗೇನು ಕೆಲಸ, ನೀವು ಹೋಗಿಬನ್ನಿ" ಅಂದರು.

26 ಜನವರಿ, ಭಾನುವಾರ

ಹಿಂದಿನ ದಿನವೇ ತಂದಿಟ್ಟ ಎರಡು ಬಾಟಲಿ ತೆಗೆದು, ಚಿಕ್ಕಮ್ಮ ಮಾಡುವ ಅಡುಗೆಯನ್ನೇ ನಾನೂ ಮಾಡಿ ನೋಡಿದೆ. ನಮ್ಮ ಊಟಕ್ಕೆ ವೈನ್ ಹೊಂದುವುದಿಲ್ಲ ಅನ್ನುವವರ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಹೊಂದಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಅಷ್ಟೆ.

ಹಿದುಕಿದ ಬೇಳೆ ಸಾರಿಗೆ ಸುವಿನ್ಯೋ ಬ್ಲಾಂ ಅನ್ನುವ ಬಿಳಿ ವೈನ್ ಚೆನ್ನಾಗಿ ಕೂತಿತು. ಸೊಗಡವರೆಯ ಹಸಿರು ವಾಸನೆ, ಕೊತ್ತಂಬರಿ ಸೊಪ್ಪು, ತೆಂಗಿನಕಾಯಿ, ಇವೆಲ್ಲದರ ಜೊತೆ ಆ ವೈನ್‌ನ ಹುಲ್ಲಿನಂಥ ಘಮ ಸಹಜವಾಗಿ ಸೇರಿತು. ಚೆನ್ನಾಗಿ ತಣ್ಣಗಿರಬೇಕು, 8ರಿಂದ 10 ಡಿಗ್ರಿ. ಹುಣಸೆ ಒಂಚೂರು ಹೆಚ್ಚಾದರೆ ಕೆಲಸ ಕೆಟ್ಟಿತು: ಹುಳಿ ಊಟದ ಮುಂದೆ ವೈನ್ ಸಪ್ಪೆಯಾಗುತ್ತದೆ. ಚಿಕ್ಕಮ್ಮನ ಕೈ ಹುಳಿಯಲ್ಲಿ ಹಿಡಿತದ್ದು, ಆ ಚಿಂತೆಯಿಲ್ಲ.

ಕೋಳಿ ಸಾರಿಗೆ ಶಿರಾಜ್ ಅನ್ನುವ ಕೆಂಪು ವೈನ್. ಕಾಳುಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಎಂಬ ಅಂಶ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಮೆಣಸು ಮುಂದಾದ ಸಾರಿಗೆ ಅದು ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಒಣಮೆಣಸಿನಕಾಯಿ ಖಾರ ಜೋರಾದರೆ ಮಾತ್ರ ಕೆಂಪು ವೈನ್ ನಾಲಿಗೆ ಸುಡುತ್ತದೆ, ಒಗರೂ ಎದ್ದು ಕಾಣುತ್ತದೆ. ತಮ್ಮನಿಗೆ ಖಾರವೇ ಬೇಕು. ಅವನಿಗಾಗಿ ಸ್ವಲ್ಪ ಸಿಹಿ ಉಳಿಸಿದ ಬಿಳಿ ವೈನ್ ಶೆನಿನ್ ಬ್ಲಾಂ ಒಂದು ಬಾಟಲಿ ಹೆಚ್ಚಿಗೆ ಕೊಳ್ಳಬೇಕು, ಖಾರವನ್ನು ಅದು ತಣಿಸುತ್ತದೆ.

ಇಷ್ಟು ಬರೆದು ತಮ್ಮನಿಗೆ ಕಳಿಸಿದೆ. ತಮ್ಮನ ಹೆಂಡತಿಗೆ ಬೇರೆ ಫೋನ್ ಮಾಡಿ, ಬೆಳಗ್ಗೆ ಮಲ್ಲಿಗೆ ಮುಡಿಯಬೇಡ, ಸೆಂಟೂ ಬೇಡ ಅಂದೆ. ಮೂಗಿನ ಕೆಲಸವೇ ಮುಕ್ಕಾಲು ಪಾಲಿರುವ ಕಡೆ ದಂಡೆ ಮಲ್ಲಿಗೆ ಇದ್ದರೆ ಅಕ್ಕಪಕ್ಕದವರ ಗ್ಲಾಸಿಗೂ ಅದೇ ವಾಸನೆ. ಸಂಜೆಗೆ ನಾನೇ ಕೊಡಿಸುತ್ತೇನೆ ಅಂತ ಮಾತು ಕೊಟ್ಟೆ.

31 ಜನವರಿ, ಶುಕ್ರವಾರ ರಾತ್ರಿ

ಟೂರ್‌ಗೆ ಮೊದಲೇ ಹೇಳಿ ಬುಕ್ ಮಾಡಬೇಕು. ಮಾಡಿಯಾಗಿದೆ, ಬೆಳಗಿನ ಹೊತ್ತಿನದು. ಬೆಳಗ್ಗೆ ನಾಲಿಗೆ ಚುರುಕಾಗಿರುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಏಳೂವರೆಗೆ ಇಡ್ಲಿ ತಿಂದೇ ಹೊರಡುವುದು. ಕಾಫಿ ಆಗಲೇ ಮುಗಿಸಬೇಕು. ಗಾಡಿಗೆ ನಮ್ಮ ಬೀದಿಯ ಟ್ಯಾಕ್ಸಿಯವರನ್ನೇ ಹೇಳಿದ್ದೇವೆ. ರುಚಿ ನೋಡುವ ನಮ್ಮಲ್ಲಿ ಯಾರೂ ಸ್ಟಿಯರಿಂಗ್ ಮುಟ್ಟುವುದಿಲ್ಲ. ಡ್ರೈವರ್‌ಗೂ ನಮ್ಮ ಜೊತೆಗೇ ಊಟ, ಚಿಕ್ಕಮ್ಮನ ಮನೆಯಲ್ಲೇ ಮಲಗುವ ಏರ್ಪಾಡು. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ, ಅಲ್ಲಿಂದ ಎಡಕ್ಕೆ ದೊಡ್ಡಬಳ್ಳಾಪುರದ ಕಡೆ. ಭಾನುವಾರ ನಂದಿ ಗ್ರಾಮದ ಭೋಗನಂದೀಶ್ವರ. ಬೆಟ್ಟ ಹತ್ತುವುದಿಲ್ಲ, ಸೂರ್ಯೋದಯಕ್ಕೆ ಬರುವ ಗಾಡಿಗಳ ಸಾಲು ನೆನೆದರೇ ಸಾಕು. ಹೊಯ್ಸಳರಿಗೂ ಹಿಂದಿನ ಆ ಗುಡಿಯ ಕಲ್ಯಾಣಿಯ ಪಕ್ಕದಲ್ಲಿ ಒಂದು ತಾಸು ಕೂತರೆ ನನಗೆ ತೃಪ್ತಿ.

ಇಷ್ಟೆಲ್ಲ ಮುಗಿಸಿ ಮಲಗಬೇಕು ಅನ್ನುವಾಗ ಚಿಕ್ಕಪ್ಪನ ಫೋನ್. "ನಾನೂ ಬರ್ಲಾ?" ಅಂದರು. ವಾರವಿಡೀ ಅದನ್ನೇ ಯೋಚಿಸಿದ್ದಾರೆ ಪಾಪ. ಚಿಕ್ಕಪ್ಪನದು ಚಪ್ಪರದ ದ್ರಾಕ್ಷಿ: ಒಂದಿಷ್ಟು ಬೆಂಗಳೂರು ಬ್ಲೂ, ಒಂದಿಷ್ಟು ದಿಲ್‌ಖುಷ್. ಜೀವಮಾನವೆಲ್ಲ ಕಾಯಿ ದಪ್ಪಗಾಗಲಿ, ಗೊಂಚಲು ತೂಗಲಿ ಅಂತ ದುಡಿದವರು. ವೈನ್ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸದೆ ತಂತಿಗೆ ನೆಟ್ಟಗೆ ಕಟ್ಟುತ್ತಾರೆ, ಕಾಯಿ ಸಣ್ಣಗೇ ಇರಲಿ ಅಂತ ಬಯಸುತ್ತಾರೆ, ಯಾಕೆಂದರೆ ಬಣ್ಣವೂ ಒಗರೂ ಘಮವೂ ಸಿಪ್ಪೆಯಲ್ಲಿದೆ, ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು ಅಂತ ನಾನು ಹೇಳಿದ್ದು ಅವರ ತಲೆಯಿಂದ ಹೋಗಿಲ್ಲ. "ಬೇಕಂತಲೇ ಇಳುವರಿ ಕಮ್ಮಿ ಮಾಡ್ತಾರಾ? ಅದನ್ನ ಕಣ್ಣಾರೆ ನೋಡಬೇಕು ಕಣಮ್ಮ."

ಬೆಳಗ್ಗೆ ಬಸ್ಸಿನಲ್ಲಿ ದೇವನಹಳ್ಳಿಗೆ ಬಂದು ನಿಲ್ಲುತ್ತಾರೆ, ಅಲ್ಲಿಂದ ನಮ್ಮ ಗಾಡಿಗೆ. ಟೇಸ್ಟಿಂಗ್ ಬೇಡದ, ತೋಟ ನೋಡಲಷ್ಟೇ ಬರುವ ಹಿರಿಯರೊಬ್ಬರಿದ್ದಾರೆ, ಬಳ್ಳಿಯ ವಿಷಯ ಬಲ್ಲವರು ಸಿಕ್ಕರೆ ಒಳ್ಳೆಯದು ಅಂತ ಈಗಷ್ಟೇ ಮೇಲ್ ಬರೆದೆ. ಚಿಕ್ಕಪ್ಪನ ಪ್ರಶ್ನೆಗಳನ್ನೂ ಬರೆದುಕೊಂಡಿದ್ದೇನೆ: ಕಸಿ ಯಾವ ಬೇರಿನ ಮೇಲೆ, ಡಾಗ್‌ರಿಡ್ಜಾ ಬೇರೆಯಾ? ಬೂದಿರೋಗಕ್ಕೆ ಏನು ಹೊಡೆಯುತ್ತಾರೆ? ಒಂದು ಬಳ್ಳಿಗೆ ಎಷ್ಟು ಗೊಂಚಲು ಬಿಡುತ್ತಾರೆ? ರೈತರಿಂದ ಕೊಳ್ಳುವುದಾದರೆ ಕಿಲೋಗೆ ಎಷ್ಟು ಕೊಡುತ್ತಾರೆ?