ಕೆರೆ ಕಂಡವರು ಕಡಲಿಗೆ ಇಳಿಯುವ ಮುಂಚೆ

ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ಕೆರೆ. ಅದಕ್ಕೆ ಏರಿ ಇದೆ, ತೂಬಿದೆ, ಕೋಡಿ ಇದೆ. ಗಾಳಿ ಎತ್ತ ಬೀಸಿದರೂ ತೆಪ್ಪ ಒಂದಲ್ಲ ಒಂದು ದಡಕ್ಕೆ ತಗುಲಲೇಬೇಕು. ನಮ್ಮ ಬೇತಮಂಗಲದ ಕೆರೆ ತುಂಬಿ ಕೋಡಿ ಹೋದಾಗಲೂ ಏರಿಯ ಮೇಲೆ ನಿಂತರೆ ಆಚೆ ದಡದ ಮರಗಳು ಕಾಣುತ್ತವೆ. ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಬಂದು, ಕಯಾಕ್ ಎನ್ನುವ, ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ ಕೂತು ಸಮುದ್ರದಲ್ಲಿ ಮೀನು ಹಿಡಿಯುವುದನ್ನು ಕಲಿತ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಇಲ್ಲಿ ಗಾಳಿಯ ವಿದ್ಯೆ ಮೊದಲು, ಮೀನಿನ ವಿದ್ಯೆ ಆಮೇಲೆ. ಅಕ್ಕನ ಮಗ ಫೆಬ್ರವರಿಯಲ್ಲಿ ಓದಲು ಇಲ್ಲಿಗೆ ಬರುತ್ತಿದ್ದಾನೆ. ಬಂದ ಮಾರನೇ ದಿನವೇ ಸಮುದ್ರಕ್ಕೆ ಹೋಗೋಣ ಎಂದು ಈಗಿನಿಂದಲೇ ಹಟ ಹಿಡಿದಿದ್ದಾನೆ. ಅವನಿಗೂ, ಊರಿನಿಂದ ಆಗಾಗ ಇದರ ಬಗ್ಗೆ ವಿಚಾರಿಸುವ ಉಳಿದವರಿಗೂ ಸಾವಕಾಶವಾಗಿ ಹೇಳಬೇಕೆಂದು ಬರೆಯುತ್ತಿದ್ದೇನೆ.

ಅಕ್ಕನದು ಬೇರೆ ಚಿಂತೆ.

"ಅಲ್ಲ ಕಣೋ, ಆ ಪ್ಲಾಸ್ಟಿಕ್ ತೊಟ್ಟಿ ಮೇಲೆ ಕೂತ್ಕೊಂಡು ಸಮುದ್ರಕ್ಕೆ ಹೋಗ್ತೀಯಲ್ಲ, ಮಗುಚ್ಕೊಂಡ್ರೆ ಏನ್ ಗತಿ?"

"ಮಗುಚುತ್ತೆ ಅಕ್ಕ. ಮಗುಚಿದ್ ಮೇಲೆ ವಾಪಸ್ ಹತ್ತೋದನ್ನೇ ಇಲ್ಲಿ ಮೊದ್ಲು ಕಲಿಸೋದು."

ಅವಳ ಭಯಕ್ಕೆ ಕಾರಣವಿದೆ. ಬೇಸಿಗೆ ರಜೆ ಬಂತೆಂದರೆ ಕೃಷಿ ಹೊಂಡದಲ್ಲೋ, ಕಲ್ಲು ತೆಗೆದ ಕ್ವಾರಿಯಲ್ಲೋ ಮಕ್ಕಳು ಮುಳುಗಿದ ಸುದ್ದಿ ನಮ್ಮ ಕಡೆ ತಪ್ಪುವುದಿಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ನೀರಿನ ಪಾಠವೆಂದರೆ 'ಹತ್ತಿರ ಹೋಗಬೇಡ' ಎನ್ನುವುದೊಂದೇ. ಈಜು ಕಲಿಸುವವರು ಕಡಿಮೆ. ನಾನೂ ಈಜು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ, ನಗರಸಭೆಯ ಈಜುಕೊಳದಲ್ಲಿ, ನನ್ನ ಅರ್ಧ ವಯಸ್ಸಿನ ಹುಡುಗಿಯೊಬ್ಬಳು ತಾಳ್ಮೆಯಿಂದ ಕಲಿಸಿದ್ದರಿಂದ. ಈಜು ಬಾರದವರು ಲೈಫ್ ಜಾಕೆಟ್ ನಂಬಿಕೊಂಡು ಕಯಾಕ್ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಜಾಕೆಟ್ ತೇಲಿಸುತ್ತದೆ, ನಿಜ. ಮುಖಕ್ಕೆ ನೀರು ರಾಚಿದಾಗ ಗಾಬರಿಯಾಗದೆ ಇರುವುದನ್ನು ಮಾತ್ರ ಈಜೇ ಕಲಿಸಬೇಕು.

ಕಯಾಕ್‌ಗಳಲ್ಲಿ ಎರಡು ಬಗೆ. ಒಳಗೆ ಕಾಲು ತೂರಿಸಿ ಕೂರುವಂಥದ್ದು ಒಂದು, ಮೇಲೆಯೇ ಕೂರುವಂಥದ್ದು ಇನ್ನೊಂದು. ಸಮುದ್ರದಲ್ಲಿ ಮೀನು ಹಿಡಿಯಲು ಹೊಸಬರಿಗೆ ಎರಡನೆಯದೇ ಸರಿ. ಮೂರೂವರೆಯಿಂದ ನಾಲ್ಕೂವರೆ ಮೀಟರ್ ಉದ್ದ, ಪ್ಲಾಸ್ಟಿಕ್ ಮೈ. ಒಳಗೆ ಗಾಳಿ ತುಂಬಿದ ಟೊಳ್ಳು. ಕೂರುವ ಜಾಗದಲ್ಲಿ ಆರ್‌ಪಾರ್ ತೂತುಗಳಿರುವುದರಿಂದ ಅಲೆ ಮೈಮೇಲೆ ಬಿದ್ದರೂ ನೀರು ತಾನಾಗಿ ಇಳಿದುಹೋಗುತ್ತದೆ. ಒಳಗೆ ಕೂರುವ ಕಯಾಕ್ ಮಗುಚಿದರೆ ನೀರು ತುಂಬಿಕೊಳ್ಳುತ್ತದೆ, ಅದನ್ನು ಹೊರಗೆ ಹಾಕುವುದು ಒಬ್ಬರ ಕೈಯಲ್ಲಿ ಸುಲಭವಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಆ ತೂತುಗಳ ಸುತ್ತ ಬೆರಳಾಡಿಸಿ ನೋಡಿ. ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ನೀರಿಗೆ ಇಳಿಸುವ ಮುಂಚೆ, ಟೊಳ್ಳಿನೊಳಗೆ ಸೇರಿದ ನೀರು ಬಸಿಯಲು ಹಿಂದುಗಡೆ ಇರುವ ತೂತಿನ ಬಿರಡೆ ಹಾಕಿದ್ದೀರಾ ಎಂದು ಪ್ರತಿ ಸಲವೂ ಮುಟ್ಟಿ ನೋಡಿಕೊಳ್ಳಿ.

ಮತ್ತೆ ಹತ್ತುವ ವಿದ್ಯೆಯನ್ನು ಎದೆಮಟ್ಟದ ನೀರಿನಲ್ಲಿ, ಮೀನು ಹಿಡಿಯುವ ರಾಡು ಗೀಡು ಏನೂ ಇಲ್ಲದೆ ಕಲಿಯಬೇಕು. ಕಯಾಕ್ ಬೋರಲಾಗಿದ್ದರೆ ಮೊದಲು ನೆಟ್ಟಗೆ ಮಾಡಬೇಕು. ನಡುಭಾಗವನ್ನು ಎರಡು ಕೈಯಲ್ಲಿ ಹಿಡಿದು, ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಬಡಿಯುತ್ತ ಹೊಟ್ಟೆಯನ್ನು ಅಡ್ಡಲಾಗಿ ಮೇಲಕ್ಕೆ ಎಳೆದುಕೊಳ್ಳಬೇಕು. ಆಮೇಲೆ ಹೊರಳಿ ಸೀಟಿನಲ್ಲಿ ಕೂತು, ಕೊನೆಗೆ ಕಾಲು ಒಳಕ್ಕೆ. ಕಾಲು ಕೆಳಗೆ ಜೋತಾಡುತ್ತಿದ್ದರೆ ಎಂಥ ಬಲಶಾಲಿಗೂ ಆಗುವುದಿಲ್ಲ. ಇದು ಮೈಗೆ ಹತ್ತುವವರೆಗೂ ದಡ ಬಿಟ್ಟು ದೂರ ಹೋಗುವ ಮಾತೇ ಬೇಡ.

ಈಗ ಗಾಳಿ. ಆಕ್ಲೆಂಡ್‌ನಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ನಾವು ಕಯಾಕ್ ಇಳಿಸುವ ಬೀಚುಗಳು ಹೆಚ್ಚಿನವು ಪೂರ್ವ ಕರಾವಳಿಯಲ್ಲಿ, ಹೌರಾಕಿ ಕೊಲ್ಲಿಗೆ ಮುಖ ಮಾಡಿವೆ. ಎಂದರೆ ಗಾಳಿ ನಮ್ಮ ಬೆನ್ನಿನಿಂದ, ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಅಪಾಯ ಇರುವುದು ಇಲ್ಲೇ. ದಡದ ಗುಡ್ಡ, ಮನೆ, ಮರಗಳ ಮರೆಯಲ್ಲಿ ನೀರು ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ. ಹೊಸಬರು ಎಷ್ಟು ಚೆನ್ನಾಗಿದೆ ಎಂದು ಹುಟ್ಟು ಹಾಕುತ್ತ ಹೋಗುತ್ತಾರೆ. ಅರ್ಧ ಕಿಲೋಮೀಟರ್ ದಾಟಿದ ಮೇಲೆ ಗುಡ್ಡದ ಮರೆ ತಪ್ಪುತ್ತದೆ, ಪೂರ್ತಿ ಗಾಳಿ ಸಿಗುತ್ತದೆ. ಹೋಗುವಾಗ ಅದು ತಳ್ಳಿದ್ದರಿಂದ ಆಯಾಸ ಗೊತ್ತಾಗಿರುವುದಿಲ್ಲ. ತಿರುಗಿ ಬರುವಾಗ ಅದೇ ಎದುರಾಳಿ.

ಲೆಕ್ಕ ಹೀಗಿದೆ. ಸಾಧಾರಣ ಮನುಷ್ಯ ಕಯಾಕ್ ಹುಟ್ಟು ಹಾಕಿ ತುಂಬಾ ಹೊತ್ತು ಸಾಗಬಲ್ಲ ವೇಗ ಮೂರು ನಾಟ್, ಗಂಟೆಗೆ ಐದೂವರೆ ಕಿಲೋಮೀಟರ್ ಆಸುಪಾಸು. ಗಾಳಿಯ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 10 ನಾಟ್ ಗಾಳಿಯಲ್ಲಿ ಹೇಗೋ ನಿಭಾಯಿಸಿದವರು 20 ನಾಟ್‌ನಲ್ಲಿ ಎಷ್ಟು ಹುಟ್ಟು ಹಾಕಿದರೂ ಇದ್ದಲ್ಲೇ ಇರಬಹುದು, ಇಲ್ಲವೇ ಹಿಂದಕ್ಕೂ ಹೋಗಬಹುದು. ಆದ್ದರಿಂದ ಮುನ್ಸೂಚನೆಯಲ್ಲಿ 10 ನಾಟ್ ದಾಟಿದ್ದರೆ ಹೊಸಬರು ಮನೆಯಲ್ಲೇ ಇರಬೇಕು. ನೆಲದಿಂದ ಕಡಲಿಗೆ ಬೀಸುವ ದಿನವಾದರೆ ಅದಕ್ಕಿಂತ ಕಡಿಮೆಯಿದ್ದರೂ ದಡಕ್ಕೆ ಅಂಟಿಕೊಂಡೇ ಇರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಗಾಳಿ ಏಳುತ್ತದೆ. ನಸುಕಿನಲ್ಲಿ ಹೋಗಿ ಹತ್ತು ಗಂಟೆಯೊಳಗೆ ದಡ ಸೇರುವುದು ಇಲ್ಲಿನ ಹಳಬರ ಪದ್ಧತಿ. ಅದರಲ್ಲಿ ವಿವೇಕವಿದೆ.

ಗಾಳಿಯ ಜೊತೆಗೆ ಉಬ್ಬರವಿಳಿತ. ಕೆರೆಯ ನೀರು ಇದ್ದಲ್ಲೇ ಇರುತ್ತದೆ, ಕಡಲ ನೀರು ನಡೆಯುತ್ತದೆ. ಸುಮಾರು ಆರು ಗಂಟೆ ಏರಿಕೆ, ಆರು ಗಂಟೆ ಇಳಿಕೆ. ನಡುವಿನ ಎರಡು ಗಂಟೆ ಓಟ ಜೋರು. ನಮ್ಮವರಿಗೆ ಇಲ್ಲಿ ಒಂದು ಅನುಕೂಲವಿದೆ, ಪಂಚಾಂಗ ನೋಡಿ ಅಭ್ಯಾಸ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಇಲ್ಲಿ ಮೂರು ಮೀಟರ್ ಮೇಲೆಯೇ ಹೋಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ನೀರು ಒಂದು ಕಡೆ ಓಡುತ್ತಿದ್ದು ಗಾಳಿ ಅದಕ್ಕೆ ಎದುರು ಬೀಸಿದರೆ, ಗಾಳಿ ಹೆಚ್ಚಿಲ್ಲದಿದ್ದರೂ ಅಲೆಗಳು ಕಡಿದಾಗಿ ಏಳುತ್ತವೆ. ಆ ಹೊತ್ತಿನಲ್ಲಿ ದ್ವೀಪಗಳ ನಡುವಿನ ಓಣಿಗಳಿಗೆ ಹೋಗಬಾರದು.

ಉಡುಪು ನೀರಿನ ಚಳಿ ನೋಡಿ ಹಾಕಬೇಕು, ಬಿಸಿಲು ನೋಡಿ ಅಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲಿನ ಕಡಲು 14 ಡಿಗ್ರಿ ಸುತ್ತಮುತ್ತ ಇರುತ್ತದೆ. ಮೈಗೆ ಅಂಟಿ ಚಳಿ ತಡೆಯುವ ರಬ್ಬರ್ ಉಡುಪು, ವೆಟ್‌ಸೂಟ್, ಇಲ್ಲದೆ ಬಿದ್ದರೆ ಬೆರಳುಗಳು ಬೇಗ ಮಾತು ಕೇಳುವುದನ್ನು ಬಿಡುತ್ತವೆ. ಫೋನ್ ನೀರು ಹೋಗದ ಚೀಲದಲ್ಲಿ ಇರಲಿ, ದೋಣಿಯವರು ಪರಸ್ಪರ ಮಾತಾಡಲು ಬಳಸುವ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಜಾಕೆಟ್‌ಗೇ ಸಿಕ್ಕಿಸಿರಲಿ. ಅಪಾಯದ ಕರೆಗೆ 16ನೇ ಚಾನೆಲ್. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿಯೇ ಹೊರಡುವುದು. ನನ್ನ ಹೆಂಡತಿ ಅದನ್ನು ಫ್ರಿಜ್ ಮೇಲೆ ಬರೆದಿಟ್ಟುಕೊಳ್ಳುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಮೀನು, ಮತ್ತು ಇದರ ಸುಖ ನಿಜವಾಗಿ ದೊಡ್ಡದು. ಮೋಟಾರ್ ಸದ್ದಿಲ್ಲ. ಐದಾರು ಮೀಟರ್ ಆಳದಲ್ಲಿ, ಬಂಡೆಗಳ ಪಕ್ಕದಲ್ಲೇ, ದೊಡ್ಡ ದೋಣಿಗಳಿಗೆ ಹೆದರಿ ಓಡುವ ಸ್ನ್ಯಾಪರ್ ಮೀನು ಕಯಾಕ್ ಬಂದರೆ ಅಷ್ಟಾಗಿ ಬೆದರುವುದಿಲ್ಲ. ಎರೆಹುಳು ಚುಚ್ಚಿ ಕಾದು ಕೂರುವ ನಮ್ಮ ಕೆರೆಯ ಪದ್ಧತಿ ಇಲ್ಲಿಲ್ಲ. ಸೀಸದ ಗುಂಡು ಇರುವ ಕೊಕ್ಕೆಗೆ ಮೆತ್ತನೆಯ ರಬ್ಬರ್ ಮೀನು ಸಿಕ್ಕಿಸಿ, ಕಯಾಕ್ ತೇಲಿ ಹೋಗುತ್ತಿರುವ ದಿಕ್ಕಿಗೇ ಮುಂದಕ್ಕೆ ಎಸೆಯುತ್ತೇವೆ. ಅದು ತಳಕ್ಕೆ ಇಳಿಯುತ್ತಿರುವಾಗಲೇ ಹೆಚ್ಚಿನ ಸಲ ಮೀನು ಕಚ್ಚುತ್ತದೆ, ಹಾಗಾಗಿ ದಾರದ ಮೇಲೆ ಕಣ್ಣಿರಬೇಕು. ಗಾಳಿಗೆ ಕಯಾಕ್ ವೇಗವಾಗಿ ತೇಲಿಹೋದರೆ ಪ್ಯಾರಾಷೂಟ್ ಥರದ ಬಟ್ಟೆಯ ಚೀಲವೊಂದನ್ನು ನೀರಿಗೆ ಬಿಟ್ಟು ನಿಧಾನ ಮಾಡಬಹುದು. ಲಂಗರು ಹಾಕುವುದನ್ನು ಮಾತ್ರ ಹೊಸಬರು ಮುಂದಕ್ಕೆ ಹಾಕಲಿ. ನೀರು ಜೋರಾಗಿ ಓಡುವಾಗ ಲಂಗರಿನ ಹಗ್ಗ ಪಕ್ಕದಿಂದ ಜಗ್ಗಿದರೆ ಕಯಾಕ್ ಮಗುಚುತ್ತದೆ. ಕಿಂಗ್‌ಫಿಶ್‌ನಂಥ ಬಲವಾದ ಮೀನು ಬಿದ್ದಾಗಲೂ ಇದೇ ಎಚ್ಚರ ಬೇಕು. ರಾಡನ್ನು ಕಯಾಕ್‌ನ ಮೂತಿಯ ಕಡೆಗೆ ಹಿಡಿದರೆ ಮೀನು ಕಯಾಕನ್ನೇ ಎಳೆದುಕೊಂಡು ಹೋಗುತ್ತದೆ, ಎಳೆದು ಎಳೆದು ದಣಿಯುತ್ತದೆ.

ಗ್ಯಾನೆಟ್ ಹಕ್ಕಿಗಳ ಬಗ್ಗೆ ಹೇಳದಿದ್ದರೆ ಆಗದು. ಬಿಳಿ ಮೈ, ಹಳದಿ ತಲೆ. ರೆಕ್ಕೆ ಮಡಿಚಿಕೊಂಡು ಆಕಾಶದಿಂದ ಒಂದರ ಹಿಂದೊಂದು ನೀರಿಗೆ ಬೀಳತೊಡಗಿದರೆ ಅಲ್ಲಿ ಸಣ್ಣ ಮೀನಿನ ಹಿಂಡಿದೆ ಎಂದರ್ಥ. ಕೆಳಗಿನಿಂದ ಕಹವಾಯ್ ಮೀನುಗಳು ಆ ಹಿಂಡನ್ನು ಮೇಲಕ್ಕೆ ಅಟ್ಟುತ್ತಿರುತ್ತವೆ, ಕೆಲವೊಮ್ಮೆ ಡಾಲ್ಫಿನ್‌ಗಳೂ ಸೇರಿಕೊಳ್ಳುತ್ತವೆ. ನೀರು ಕುದಿಯುವಂತೆ ಸದ್ದು ಮಾಡುತ್ತದೆ. ಉಳಿದ ಚೂರುಗಳಿಗೆ ತಳದಲ್ಲಿ ಸ್ನ್ಯಾಪರ್ ಕಾದಿರುತ್ತದೆ. ಆ ಗದ್ದಲದ ನಡುವೆ ನುಗ್ಗದೆ, ಅಂಚಿನಲ್ಲಿ ನಿಂತು ತಳಕ್ಕೆ ಬಿಡಬೇಕು. ಮೊದಲ ಸಲ ಅದರ ಪಕ್ಕದಲ್ಲಿ, ನೀರಿನ ಮಟ್ಟಕ್ಕೇ ಕೂತು ನೋಡಿದಾಗ ನನಗೆ ರಾಡು ಕೈಯಲ್ಲಿರುವುದೇ ಮರೆತುಹೋಗಿತ್ತು.

ಕಡಲ ಮೀನು ಮನೆ ಬಳಕೆಗೆ ಹಿಡಿಯಲು ಇಲ್ಲಿ ಲೈಸೆನ್ಸ್ ಬೇಡ. ಆದರೆ ಅಳತೆ ಕಟ್ಟುನಿಟ್ಟು. ಈ ಕೊಲ್ಲಿಯಲ್ಲಿ ಸ್ನ್ಯಾಪರ್ 30 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ವಾಪಸ್ ಬಿಡಬೇಕು, ಒಬ್ಬರಿಗೆ ದಿನಕ್ಕೆ ಏಳೇ. ಕಿಂಗ್‌ಫಿಶ್ 75 ಸೆಂಟಿಮೀಟರ್ ಇರಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಸರ್ಕಾರದ ಉಚಿತ ಆ್ಯಪ್‌ನಲ್ಲಿ ನೋಡಿಕೊಂಡೇ ಹೋಗಬೇಕು. 1995ರಲ್ಲಿ ಘೋಷಿಸಿದ ಲಾಂಗ್ ಬೇ–ಒಕುರಾದಂಥ ರಕ್ಷಿತ ಕಡಲಿನಲ್ಲಿ ಗಾಳ ಹಾಕುವಂತೆಯೇ ಇಲ್ಲ. ನನಗೆ ಈ ಕಟ್ಟಳೆಗಳು ಹಿಡಿಸಿವೆ. ಸ್ನ್ಯಾಪರ್ 60 ವರ್ಷ ಬದುಕಬಲ್ಲದು. ನನಗಿಂತ ಹಿರಿಯ ಮೀನೊಂದು ದಾರದಲ್ಲಿ ಬಂದರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ನೀರಿಗೇ ಬಿಡುತ್ತೇನೆ. ಇಲ್ಲಿನ ಮಾವೊರಿ ಜನ ಮೊದಲ ಮೀನನ್ನು ಕಡಲ ದೇವರು ತಂಗರೋವಾನಿಗೆ ಹಿಂದಿರುಗಿಸುವ ಸಂಪ್ರದಾಯ ಇಟ್ಟುಕೊಂಡಿದ್ದಾರೆ. ಕೆರೆ ತುಂಬಿದಾಗ ಗಂಗಮ್ಮನಿಗೆ ಬಾಗಿನ ಕೊಡುವವರ ಮನೆಯಿಂದ ಬಂದವನಿಗೆ ಅದನ್ನು ಪಾಲಿಸುವುದು ಕಷ್ಟವಾಗಲಿಲ್ಲ.

ಇಟ್ಟುಕೊಳ್ಳುವ ಮೀನನ್ನು ಒದ್ದಾಡಲು ಬಿಡಬಾರದು. ತಲೆಗೆ ಮೊನೆ ಚುಚ್ಚಿ ತಕ್ಷಣ ಕೊಂದು, ರಕ್ತ ಇಳಿಸಿ, ಐಸು ಮತ್ತು ಉಪ್ಪುನೀರು ಬೆರೆಸಿದ ಚೀಲಕ್ಕೆ ಹಾಕಬೇಕು. ರುಚಿ ಅದರಲ್ಲೇ ಇದೆ. ಮನೆಯಲ್ಲಿ ಹುಣಸೆಹುಳಿ, ಹುರಿದ ಮೆಂತ್ಯ, ಬೆಳ್ಳುಳ್ಳಿ ಹಾಕಿ ಸಾರು, ಜೊತೆಗೆ ರಾಗಿ ಮುದ್ದೆ. ಕಹವಾಯ್ ಮೀನನ್ನು ವಾಸನೆ ಎಂದು ಬಹಳ ಜನ ಇಲ್ಲಿ ದೂರುತ್ತಾರೆ. ನಮ್ಮ ಹುಳಿಗೆ ಅದರಷ್ಟು ಹೊಂದುವ ಮೀನು ಇನ್ನೊಂದಿಲ್ಲ.

ಅಳಿಯನಿಗೆ ಕೊನೆಯದಾಗಿ. ರಾಡು, ರೀಲು ಅಲ್ಲಿಂದ ಏನೂ ತರಬೇಡ, ಎಲ್ಲ ಇಲ್ಲಿದೆ. ಕೋಲಾರದಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ಒಂದು ಈಜುಕೊಳ ನೋಡಿಕೊಂಡು ಈ ತಿಂಗಳೇ ಸೇರು. ಕಾಲು ತಳ ಮುಟ್ಟದ ನೀರಿನಲ್ಲಿ ಹತ್ತು ನಿಮಿಷ ಉಸಿರು ಕೆಡದೆ ತೇಲಲು ಬಂದ ದಿನ ಫೋನ್ ಮಾಡು. ನಿನ್ನ ಅಳತೆಯ ಲೈಫ್ ಜಾಕೆಟ್ ಅವತ್ತೇ ತಂದಿಡುತ್ತೇನೆ.